ಗಣಕವು ಗಣಕವನ್ನು ಗುರುತಿಸುವ ಬಗೆ

ಬೆಂಗಳೂರಿನ ಚಿಕ್ಕಪೇಟೆಯಲ್ಲಿ ರೇಷ್ಮೆಯ ವ್ಯಾಪಾರ ಬಲು ಹಳೆಯದು. ಸೀರೆಯೊಂದು ಶುದ್ಧ ರೇಷ್ಮೆಯೋ ಅಲ್ಲವೋ ಎಂಬ ಸಂದೇಹ ಬಂದಾಗ, ಅದರ ಮೇಲೆ ಅಂಟಿಸಿದ ಚೀಟಿಯನ್ನು ಓದಿ ತೃಪ್ತರಾಗುವುದು ಜಾಣತನವಲ್ಲವೆಂಬುದನ್ನು ಬಲ್ಲವರು ಅರಿತಿದ್ದಾರೆ. ಅಂಚಿನಿಂದ ಒಂದೆಳೆಯನ್ನು ಕಿತ್ತು ಸುಟ್ಟು ನೋಡುವುದು ಹಿಂದಿನಿಂದ ಬಂದ ಪರೀಕ್ಷೆ. ಕೂದಲು ಸುಟ್ಟ ವಾಸನೆ ಬಂದು, ಹಿಸುಕಿದರೆ ಪುಡಿಯಾಗುವ ಬೂದಿ ಉಳಿದರೆ ಅದು ರೇಷ್ಮೆ. ಕರಗಿ ಗಟ್ಟಿ ಗುಂಡಾದರೆ ಕೃತಕ ನೂಲು.

ಇದೇ ಪೇಟೆಯ ಮಗ್ಗುಲಲ್ಲಿರುವ ಎಸ್.ಪಿ. ರಸ್ತೆಯ ಸರಕು ಬೇರೆ. ಅಲ್ಲಿ ಗಣಕಯಂತ್ರಗಳೂ ಅವುಗಳ ಬಿಡಿಭಾಗಗಳೂ ಸಾಲುಸಾಲು ಅಂಗಡಿಗಳಲ್ಲಿ ದೊರೆಯುತ್ತವೆ. ಮೇಜಿನ ಮೇಲಿಡುವ ದೊಡ್ಡ ಗಣಕವನ್ನೂ ಅಂಗೈಯಲ್ಲಿ ಅಡಗುವ ರಾಸ್ಪ್‌ಬೆರಿ ಪೈಯನ್ನೂ ಇಂತಹ ಮಾರುಕಟ್ಟೆಗಳಲ್ಲಿ ಕೊಳ್ಳಬಹುದು. ನೋಟಕ್ಕೆ ಇವೆರಡೂ ಒಂದೇ ಜಾತಿಯವೆಂದು ತೋರಿದರೂ, ಒಳಗಿನ ಪ್ರೊಸೆಸರುಗಳು ಅರಿಯುವ ಭಾಷೆ ಒಂದೇ ಅಲ್ಲ. ದೊಡ್ಡದು ಸಾಮಾನ್ಯವಾಗಿ ಇಂಟೆಲ್ ವಂಶದ ಆದೇಶಗಳನ್ನು ಬಲ್ಲದು. ಚಿಕ್ಕದು ಆರ್ಮ್ ವಂಶದವನ್ನು. ಒಂದಕ್ಕಾಗಿ ಸಿದ್ಧವಾದ ಪ್ರೋಗ್ರಾಮನ್ನು ಇನ್ನೊಂದಕ್ಕೆ ಹಾಗೆಯೇ ಉಣಿಸಿದರೆ ಅದು ಒಂದು ಹೆಜ್ಜೆಯನ್ನೂ ಇಡಲಾರದು. ಹೀಗಿರಲು, ಒಬ್ಬನೇ ಬರೆದ ಪ್ರೋಗ್ರಾಂ ಲೋಕದ ಬಗೆಬಗೆಯ ಯಂತ್ರಗಳಲ್ಲಿ ನಡೆಯುವುದು ಹೇಗೆ? ಇದನ್ನು ವಿಚಾರಿಸುವಾಗ, ಗಣಕಗಳ ಲೋಕದಲ್ಲಿಯೂ ಚೀಟಿಯನ್ನು ನಂಬದೆ ಎಳೆಯನ್ನು ಸುಟ್ಟು ನೋಡುವ ಪದ್ಧತಿ ಇದೆಯೆಂಬುದು ತಿಳಿದುಬರುತ್ತದೆ.

ಪ್ರೋಗ್ರಾಂ ಬರೆಯುವವನು ಯಂತ್ರದ ಭಾಷೆಯಲ್ಲಿ ಬರೆಯುವುದಿಲ್ಲ. ಆತ ಸಿ ಮೊದಲಾದ, ಮನುಷ್ಯನು ಓದಬಲ್ಲ ಭಾಷೆಯಲ್ಲಿ ಬರೆಯುತ್ತಾನೆ. ಅದನ್ನು ಯಂತ್ರದ ಆದೇಶಗಳಾಗಿ ಪರಿವರ್ತಿಸುವ ಅನುವಾದಕನೇ ಕಂಪೈಲರ್. ದೊಡ್ಡ ಪ್ರೋಗ್ರಾಮುಗಳಲ್ಲಿ ಇಂತಹ ಬರಹದ ಕಡತಗಳು ಸಾವಿರಾರು ಇರುತ್ತವೆ. ಯಾವುದನ್ನು ಮೊದಲು ಅನುವಾದಿಸಬೇಕು, ಯಾವುದು ಬದಲಾದರೆ ಯಾವುದನ್ನು ಮತ್ತೆ ಅನುವಾದಿಸಬೇಕು, ಎಲ್ಲವನ್ನೂ ಹೇಗೆ ಜೋಡಿಸಬೇಕು ಎಂಬ ಮೇಸ್ತ್ರಿಯ ಕೆಲಸವನ್ನು ಮಾಡುವುದಕ್ಕೂ ಪ್ರೋಗ್ರಾಮುಗಳಿವೆ. ಇವುಗಳ ಹಿರಿಯನು ಮೇಕ್. 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅದನ್ನು ರಚಿಸಿದರು. ಅನಂತರ 1991ರಲ್ಲಿ ಆಟೊಕಾನ್ಫ್, 2000ದ ಸುಮಾರಿಗೆ ಸಿಮೇಕ್ ಬಂದವು. ಇವನ್ನು ನಾವು ನಿರ್ಮಾಣ ವ್ಯವಸ್ಥೆಗಳೆಂದು ಕರೆಯೋಣ.

ಕೆಲಸಕ್ಕೆ ಕೈಹಾಕುವ ಮೊದಲು ಈ ಮೇಸ್ತ್ರಿಯು ಎರಡು ಪ್ರಶ್ನೆಗಳಿಗೆ ಉತ್ತರ ಪಡೆಯಬೇಕು. ನನ್ನ ಕೈಕೆಳಗಿರುವ ಅನುವಾದಕನು ಯಾರು? ಆತನು ಯಾವ ಯಂತ್ರಕ್ಕಾಗಿ ಅನುವಾದಿಸುತ್ತಿದ್ದಾನೆ?

ಮೊದಲನೆಯದು ಸುಲಭವೆಂದು ತೋರಬಹುದು. ಹೆಸರನ್ನು ಕೇಳಿದರೆ ಸಾಲದೆ? ಸಾಲದು. ಆಪಲ್ ಸಂಸ್ಥೆಯ ಮ್ಯಾಕ್ ಗಣಕದಲ್ಲಿ ಜಿಸಿಸಿ ಎಂಬ ಹೆಸರಿನಿಂದ ಕರೆದರೆ ಓಗೊಡುವುದು ಜಿಸಿಸಿ ಅಲ್ಲ, ಕ್ಲ್ಯಾಂಗ್ ಎಂಬ ಮತ್ತೊಂದು ಕಂಪೈಲರ್. ಇದರಲ್ಲಿ ಮೋಸವೇನೂ ಇಲ್ಲ. ಜಿಸಿಸಿಯನ್ನು ನೆಚ್ಚಿ ಬರೆದ ಅಸಂಖ್ಯಾತ ಹಳೆಯ ಪ್ರೋಗ್ರಾಮುಗಳು ಕೆಡದೆ ನಡೆಯಲೆಂದು ಮಾಡಿದ ಏರ್ಪಾಡು ಅದು. ಆದರೆ ಇಬ್ಬರ ಗುಣದೋಷಗಳೂ ಒಪ್ಪುವ ಸೂಚನೆಗಳೂ ಪೂರ್ತಿ ಒಂದೇ ಅಲ್ಲವಾದುದರಿಂದ, ನಿಜವಾದ ಗುರುತು ತಿಳಿಯದೆ ಕೆಲಸ ಸಾಗದು.

ಇಲ್ಲಿ ಒಂದು ಅನುಕೂಲವುಂಟು. ಪ್ರತಿಯೊಂದು ಕಂಪೈಲರೂ ಅನುವಾದಕ್ಕೆ ತೊಡಗುವಾಗ ಕೆಲವು ಗುರುತಿನ ಪದಗಳನ್ನು ತಾನೇ ಘೋಷಿಸಿಕೊಳ್ಳುತ್ತದೆ. ಬರಹದ ನಡುವೆ ‘ಈ ಗುರುತು ಇದ್ದರೆ ಇಷ್ಟನ್ನು ಅನುವಾದಿಸು, ಇಲ್ಲವಾದರೆ ಮುಂದಿನದನ್ನು’ ಎಂದು ಷರತ್ತುಗಳನ್ನು ಹಾಕಬಹುದು. ಸಿಮೇಕ್ ಇಂತಹ ಷರತ್ತುಗಳೇ ತುಂಬಿದ ಒಂದು ಚಿಕ್ಕ ಪ್ರೋಗ್ರಾಮನ್ನು ಇಟ್ಟುಕೊಂಡು, ಅದನ್ನು ಆ ಅಪರಿಚಿತ ಕಂಪೈಲರಿಗೆ ಕೊಟ್ಟು ಅನುವಾದಿಸಲು ಹೇಳುತ್ತದೆ. ಇದೇ ಅಂಚಿನಿಂದ ಕಿತ್ತ ಎಳೆ. ಆದರೆ ಪ್ರಶ್ನೆಗಳ ಕ್ರಮದಲ್ಲಿ ಎಚ್ಚರ ಬೇಕು. ಕ್ಲ್ಯಾಂಗ್ ತನ್ನ ಸ್ವಂತ ಗುರುತಿನ ಜೊತೆಗೆ ಜಿಸಿಸಿಯ ಗುರುತನ್ನೂ ಧರಿಸಿಕೊಳ್ಳುತ್ತದೆ. ‘ನೀನು ಜಿಸಿಸಿಯೋ?’ ಎಂದು ಮೊದಲು ಕೇಳಿದರೆ ಇಬ್ಬರೂ ಹೌದೆನ್ನುವರು. ‘ನೀನು ಕ್ಲ್ಯಾಂಗೋ?’ ಎಂದು ಮೊದಲು ಕೇಳಿದರೆ ಮಾತ್ರ ಇಬ್ಬರೂ ಬೇರ್ಪಡುವರು.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಕಂಪೈಲರ್ ನಡೆಯುವ ಯಂತ್ರವೂ ಅದು ಸಿದ್ಧಪಡಿಸಿದ ಪ್ರೋಗ್ರಾಂ ನಡೆಯಬೇಕಾದ ಯಂತ್ರವೂ ಒಂದೇ ಆಗಿರಬೇಕಾದುದಿಲ್ಲ. ಚಿಕ್ಕ ಯಂತ್ರಗಳಿಗೆ ಬೇಕಾದ ಪ್ರೋಗ್ರಾಮುಗಳನ್ನು ದೊಡ್ಡ ಯಂತ್ರದಲ್ಲಿ ತಯಾರಿಸಿ ಕಳುಹಿಸುವುದು ರೂಢಿ. ಆಗ ತಯಾರಾದ ಪ್ರೋಗ್ರಾಮನ್ನು ತಯಾರಿಸಿದ ಸ್ಥಳದಲ್ಲಿಯೇ ನಡೆಸಿ ನೋಡುವಂತಿಲ್ಲ. ಹಾಗಾದರೆ ಎಳೆ ಸುಡುವ ಪರೀಕ್ಷೆ ಹೇಗೆ ನಡೆಯಬೇಕು?

ಸಿಮೇಕಿನ ಉಪಾಯ ಸರಳವಾಗಿದೆ. ಅದರ ಪರೀಕ್ಷಾ ಪ್ರೋಗ್ರಾಮಿನಲ್ಲಿ ‘ಕಂಪೈಲರ್ ಇಂಥದು’ ಎಂಬ ವಾಕ್ಯವು ಅಕ್ಷರಗಳ ಸಾಲಾಗಿ ಅಡಗಿರುತ್ತದೆ. ಅನುವಾದವಾದ ಮೇಲೂ ಆ ಅಕ್ಷರಗಳು ಕಡತದಲ್ಲಿ ಹಾಗೆಯೇ ಉಳಿಯುವುವು. ಸಿಮೇಕ್ ಆ ಕಡತವನ್ನು ನಡೆಸುವುದಿಲ್ಲ. ತೆರೆದು, ಒಳಗೆ ಆ ವಾಕ್ಯವನ್ನು ಹುಡುಕುತ್ತದೆ, ಅಷ್ಟೆ. ಇದಲ್ಲದೆ ಲಿನಕ್ಸ್ ಯಂತ್ರಗಳ ಕಡತಗಳಿಗೆ ತಮ್ಮದೇ ಆದ ಮುದ್ರೆಯೂ ಇದೆ. ಮೊದಲ ಬೈಟು 127. ಮುಂದಿನ ಮೂರು ಇ, ಎಲ್, ಎಫ್ ಎಂಬ ಇಂಗ್ಲಿಷ್ ಅಕ್ಷರಗಳು. 19 ಮತ್ತು 20ನೆಯ ಬೈಟುಗಳಲ್ಲಿ ಪ್ರೊಸೆಸರಿನ ಸಂಖ್ಯೆ. ಅದು 62 ಆದರೆ 64 ಬಿಟ್ಟಿನ ಇಂಟೆಲ್ ವಂಶ, 40 ಆದರೆ 32 ಬಿಟ್ಟಿನ ಆರ್ಮ್, 183 ಆದರೆ 64 ಬಿಟ್ಟಿನ ಆರ್ಮ್.

ಆಟೊಕಾನ್ಫಿನ ಇನ್ನೊಂದು ಉಪಾಯವನ್ನು ವಾಚಕರು ಮೆಚ್ಚುವರು. ಗುರಿಯ ಯಂತ್ರದಲ್ಲಿ ಒಂದು ಬಗೆಯ ಸಂಖ್ಯೆಗೆ ಎಷ್ಟು ಬೈಟುಗಳ ಸ್ಥಳ ಬೇಕೆಂಬುದನ್ನು, ಆ ಯಂತ್ರ ಎದುರಿಗಿಲ್ಲದೆ ಅರಿಯಬೇಕಾಗಿದೆ ಎನ್ನೋಣ. ಆಟೊಕಾನ್ಫ್ ಒಂದು ಪಟ್ಟಿಯನ್ನು ಘೋಷಿಸುವ ಪ್ರೋಗ್ರಾಂ ಬರೆಯುತ್ತದೆ. ಊಹೆ ಸರಿಯಾದರೆ ಪಟ್ಟಿಯ ಉದ್ದ ಒಂದು. ತಪ್ಪಾದರೆ ಋಣ ಒಂದು. ಋಣಸಂಖ್ಯೆಯಷ್ಟು ಉದ್ದದ ಪಟ್ಟಿ ಇರಲಾರದಾದುದರಿಂದ ಕಂಪೈಲರ್ ಅದನ್ನು ನಿರಾಕರಿಸುತ್ತದೆ. ‘ನಾಲ್ಕಕ್ಕಿಂತ ಹೆಚ್ಚೋ? ಎಂಟಕ್ಕಿಂತ ಕಡಿಮೆಯೋ?’ ಎಂದು ಹೀಗೆ ಕೇಳುತ್ತ, ಅಂಗೀಕಾರ ನಿರಾಕರಣೆಗಳಿಂದಲೇ ಉತ್ತರವನ್ನು ಮುತ್ತಬಹುದು. ಒಂದು ಆದೇಶವೂ ಗುರಿಯ ಯಂತ್ರದಲ್ಲಿ ನಡೆಯಬೇಕಾಗಿಲ್ಲ.

ಯಂತ್ರಗಳನ್ನು ಹೆಸರಿಸುವುದಕ್ಕೂ ಒಂದು ಸಂಪ್ರದಾಯ ಬೆಳೆದಿದೆ. ಪ್ರೊಸೆಸರ್, ತಯಾರಕ, ಕಾರ್ಯವ್ಯವಸ್ಥೆ ಈ ಮೂರನ್ನೂ ಸಣ್ಣ ಗೆರೆಗಳಿಂದ ಜೋಡಿಸಿ ಹೆಸರಿಡುವುದೇ ಆ ಕ್ರಮ: ‘ಆರ್ಮ್-ಅನ್‌ನೋನ್-ಲಿನಕ್ಸ್’ ಎಂಬಂತೆ. ತಯಾರಕನು ಯಾರಾದರೇನು ಎಂಬಲ್ಲಿ ‘ಅನ್‌ನೋನ್’, ಎಂದರೆ ಅಜ್ಞಾತ, ಎಂದಿಡುವರು. ಪ್ರೊಸೆಸರೊಂದನ್ನೇ ಹೇಳಿದರೆ ಸಾಲದೆ ಎಂದು ಕೇಳಬಹುದು. ಸಿ ಭಾಷೆಯಲ್ಲಿ ‘ಲಾಂಗ್’ ಎನ್ನುವ ಪೂರ್ಣಾಂಕಕ್ಕೆ, ಅದೇ 64 ಬಿಟ್ಟಿನ ಇಂಟೆಲ್ ಪ್ರೊಸೆಸರಿನಲ್ಲಿಯೇ, ಲಿನಕ್ಸ್ ಇದ್ದರೆ 8 ಬೈಟು, ವಿಂಡೋಸ್ ಇದ್ದರೆ 4 ಬೈಟು. ಮನೆ ಒಂದೇ ಆದರೂ ಅಳತೆಯ ಪದ್ಧತಿ ಬೇರೆ. ಆದುದರಿಂದ ಎರಡನ್ನೂ ಹೇಳಲೇಬೇಕು.

ಈ ಹೆಸರನ್ನು ಊಹಿಸಲು ಆಟೊಕಾನ್ಫಿನ ಬಳಗದಲ್ಲಿ ಒಂದು ಪುಟ್ಟ ಪ್ರೋಗ್ರಾಮಿದೆ. ಅದು ಮುಖ್ಯವಾಗಿ ಕಾರ್ಯವ್ಯವಸ್ಥೆಯನ್ನೇ ಕೇಳಿ ತಿಳಿಯುತ್ತದೆ. ಈ ಉತ್ತರವನ್ನೂ ಕುರುಡಾಗಿ ನಂಬುವಂತಿಲ್ಲ. ಮೇಲೆ ಹೇಳಿದ ರಾಸ್ಪ್‌ಬೆರಿ ಪೈಯನ್ನೇ ತೆಗೆದುಕೊಳ್ಳೋಣ. ಅದರ 4ನೆಯ ಮಾದರಿಯಲ್ಲಿ, 32 ಬಿಟ್ಟಿನ ವ್ಯವಸ್ಥೆಯನ್ನು ಸ್ಥಾಪಿಸಿದರೂ, 2023ರಿಂದ ಅದರ ತಿರುಳು ಭಾಗವು ತಾನಾಗಿ 64 ಬಿಟ್ಟಿನದಾಗಿ ಎದ್ದು ನಿಲ್ಲುವಂತಾಯಿತು. ಕೇಳಿದರೆ ತಿರುಳು ‘ನಾನು 64’ ಎನ್ನುತ್ತದೆ. ಕಂಪೈಲರೂ ಮಿಕ್ಕೆಲ್ಲ ಸಲಕರಣೆಗಳೂ 32ರವು. ಬಾಯಿಮಾತನ್ನು ನಂಬಿದ ಮೇಸ್ತ್ರಿಯು ಇಲ್ಲಿ ಹೊಂದದ ಇಟ್ಟಿಗೆಗಳನ್ನು ಜೋಡಿಸಲು ಹೋಗುವನು. ಕಂಪೈಲರು ಹೊರತಂದ ಕಡತದ ಮುದ್ರೆಯನ್ನು ನೋಡಿದವನಿಗೆ ಈ ಭ್ರಮೆ ಇಲ್ಲ.

ಇದೆಲ್ಲ ನಮಗೆ ದೂರದ ಮಾತಲ್ಲ. ಸುಮಾರು ಕಾಲು ಶತಮಾನದ ಹಿಂದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮೊದಲಾದವರು ಎನ್‌ಕೋರ್ ಸಂಸ್ಥೆಯವರೊಡನೆ ಸೇರಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ರೂಪಿಸಿದರು. ಇಂಗ್ಲಿಷ್ ಬಾರದವನಿಗೂ, ಓದು ಬಾರದವನಿಗೂ, ಕಡಿಮೆ ಬೆಲೆಗೆ ಗಣಕ ದೊರೆಯಬೇಕೆಂಬುದು ಅವರ ಆಶಯ. ಅದರ ಒಳಗಿದ್ದುದು ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ವೇಗ 206 ಮೆಗಾಹರ್ಟ್ಸ್, ಕಾರ್ಯವ್ಯವಸ್ಥೆ ಲಿನಕ್ಸ್. ಬರಹವನ್ನು ಭಾರತೀಯ ಭಾಷೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ಪ್ರೋಗ್ರಾಮೂ ಈ ಪ್ರಯತ್ನದ ಫಲವೇ. ಅದು ಕನ್ನಡವನ್ನೂ ನುಡಿಯಿತು. 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಿಂದ ಸಿಂಪ್ಯೂಟರ್ ಮಾರುಕಟ್ಟೆಗೂ ಬಂದಿತು. ಜನರ ಕೈಯಲ್ಲಿ ಅದು ಬಹುಕಾಲ ನಿಲ್ಲಲಿಲ್ಲ. ಆದರೆ ಮೇಜಿನ ಮೇಲಿನ ಗಣಕದ ವಂಶಕ್ಕೆ ಸೇರದ ಚಿಕ್ಕ ಯಂತ್ರದಲ್ಲಿ ನಮ್ಮ ಭಾಷೆ ನಡೆಯಬೇಕೆಂಬ ಸಮಸ್ಯೆಯನ್ನು ಅದು ಆಗಲೇ ನಮ್ಮೆದುರು ಇಟ್ಟಿತ್ತು.

ಗುರುತು ತಪ್ಪಿದರೆ ನಮ್ಮ ಭಾಷೆಗೆ ಏನಾಗಬಹುದೆಂಬುದಕ್ಕೆ ಒಂದು ಉದಾಹರಣೆ ಸಾಕು. ಇಂದು ಬಳಕೆಯಲ್ಲಿರುವ ಯೂನಿಕೋಡಿನ ಸಾಮಾನ್ಯ ರೂಪದಲ್ಲಿ ‘ಕ’ ಅಕ್ಷರವು 224, 178, 149 ಎಂಬ ಮೂರು ಬೈಟುಗಳಾಗಿ ನಿಲ್ಲುತ್ತದೆ. ಇಂಗ್ಲಿಷ್ ಅಕ್ಷರಗಳೆಲ್ಲವೂ 128ರ ಒಳಗೇ ಮುಗಿಯುವುವು. ಆದರೆ ಒಂದು ಬೈಟನ್ನು ಎರಡು ಬಗೆಯಾಗಿ ಓದಬಹುದು: 0ಯಿಂದ 255ರವರೆಗಿನ ಸಂಖ್ಯೆಯೆಂದು, ಇಲ್ಲವೆ ಋಣ 128ರಿಂದ 127ರವರೆಗಿನ ಸಂಖ್ಯೆಯೆಂದು. ಯಾವುದನ್ನು ಆರಿಸಬೇಕೆಂಬುದನ್ನು ಸಿ ಭಾಷೆ ಯಂತ್ರದ ಪದ್ಧತಿಗೆ ಬಿಟ್ಟಿದೆ. ಇಂಟೆಲ್ ವಂಶದ ಲಿನಕ್ಸಿನಲ್ಲಿ ಎರಡನೆಯ ಬಗೆ; ಅಲ್ಲಿ ‘ಕ’ ಎಂದರೆ ಋಣ 32, ಋಣ 78, ಋಣ 107. ಆರ್ಮ್ ವಂಶದ ಲಿನಕ್ಸಿನಲ್ಲಿ ಮೊದಲನೆಯ ಬಗೆ. ಅದೇ ಆರ್ಮ್ ಪ್ರೊಸೆಸರಿನಲ್ಲಿ ಆಪಲ್ ಸಂಸ್ಥೆಯ ವ್ಯವಸ್ಥೆ ಇದ್ದರೆ ಮತ್ತೆ ಎರಡನೆಯ ಬಗೆ!

ಒಬ್ಬನು ‘ಬೈಟು ಸೊನ್ನೆಗಿಂತ ಕಡಿಮೆಯಾದರೆ ಅದು ಇಂಗ್ಲಿಷ್ ಅಕ್ಷರವಲ್ಲ’ ಎಂದು ಬರೆದನೆನ್ನೋಣ. ಆತನ ಮೇಜಿನ ಗಣಕದಲ್ಲಿ ಪರೀಕ್ಷೆಗಳೆಲ್ಲ ಗೆಲ್ಲುತ್ತವೆ. ಆರ್ಮ್ ಹಲಗೆಯ ಲಿನಕ್ಸಿನಲ್ಲಿ ಯಾವ ಬೈಟೂ ಸೊನ್ನೆಗಿಂತ ಕಡಿಮೆಯಾಗುವುದೇ ಇಲ್ಲ; ಕನ್ನಡದ ಒಂದಕ್ಷರವೂ ಗುರುತಿಗೆ ಬಾರದು. ಇಂಗ್ಲಿಷ್ ಬರಹಕ್ಕೆ ಕಿಂಚಿತ್ತೂ ತೊಂದರೆಯಿಲ್ಲವಾದುದರಿಂದ, ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವನಿಗೆ ದೋಷವಿದೆಯೆಂಬುದೇ ಹೊಳೆಯದು. ಪರಿಹಾರ ಕಷ್ಟವೇನಲ್ಲ. ಯಾವ ಬಗೆ ಬೇಕೆಂಬುದನ್ನು ಬರಹದಲ್ಲಿಯೇ ಸ್ಪಷ್ಟವಾಗಿ ಹೇಳಬಹುದು. ಇಲ್ಲವೆ ನಿರ್ಮಾಣ ವ್ಯವಸ್ಥೆಯು ಒಂದು ಎಳೆಯನ್ನು ಸುಟ್ಟು ನೋಡಿ, ಅಗತ್ಯವಾದ ಸೂಚನೆಯನ್ನು ಕಂಪೈಲರಿಗೆ ಕೊಡಬಹುದು.

ಹೆಸರುಗಳ ಪಟ್ಟಿಯನ್ನೇ ನೆಚ್ಚಿಕೊಂಡರೆ ಒದಗುವ ಮತ್ತೊಂದು ತೊಡಕನ್ನು ಹೇಳಬೇಕು. 64 ಬಿಟ್ಟಿನ ಆರ್ಮ್ ರಚನೆಯನ್ನು ಪ್ರಕಟಿಸಿದುದು 2011ರಲ್ಲಿ. ಅದಕ್ಕೆ ಹಿಂದೆ ಬರೆದ ಸಾವಿರಾರು ಪ್ರೋಗ್ರಾಮುಗಳು ತಮ್ಮೊಡನೆ ಹಳೆಯ ಊಹಾಪಟ್ಟಿಯ ಪ್ರತಿಯನ್ನು ಹೊತ್ತು ತಿರುಗುತ್ತಿದ್ದುವು. ಹೊಸ ಯಂತ್ರವನ್ನು ಕಂಡಾಗ ಅವು ‘ಇಂತಹ ಯಂತ್ರವನ್ನು ಅರಿಯೆವು’ ಎಂದು ಕೈಚೆಲ್ಲಿದುವು. ಪ್ರೋಗ್ರಾಮುಗಳಲ್ಲಿ ದೋಷವಿರಲಿಲ್ಲ, ಪಟ್ಟಿಯಲ್ಲಿ ಒಂದು ಸಾಲು ಇರಲಿಲ್ಲ, ಅಷ್ಟೆ. ಡೆಬಿಯನ್ ಎಂಬ ಲಿನಕ್ಸ್ ಬಳಗದವರು ಈ ಯಂತ್ರಗಳಿಗೆ ಅಧಿಕೃತ ಸ್ಥಾನ ಕೊಟ್ಟ 2015ರ ಆವೃತ್ತಿಯನ್ನು ಸಿದ್ಧಪಡಿಸುವಾಗ, ಇಂತಹ ಹಳೆಯ ಪಟ್ಟಿಗಳನ್ನು ತೆಗೆದು ಹೊಸದನ್ನು ಇಡುವುದೂ ಒಂದು ದೊಡ್ಡ ಕೆಲಸವಾಯಿತು.

ಆದುದರಿಂದಲೇ ಅನುಭವಿಗಳು ಹೆಸರನ್ನು ಕೇಳುವುದಕ್ಕಿಂತ ಗುಣವನ್ನು ಕೇಳುವುದು ಲೇಸೆನ್ನುವರು. ‘ನೀನು ಇಂತಹ ಯಂತ್ರವೋ?’ ಎಂದು ಕೇಳಿದರೆ ನಾಳೆ ಹುಟ್ಟುವ ಯಂತ್ರಕ್ಕೆ ನಮ್ಮಲ್ಲಿ ಉತ್ತರವಿಲ್ಲ. ‘ನಿನ್ನಲ್ಲಿ ಪೂರ್ಣಾಂಕಕ್ಕೆ ಎಷ್ಟು ಬೈಟು? ಬೈಟನ್ನು ಯಾವ ಬಗೆಯಾಗಿ ಓದುವೆ? ಈ ಸೌಲಭ್ಯ ಉಂಟೋ?’ ಎಂದು ಕೇಳಿ ಪರೀಕ್ಷಿಸಿದರೆ, ಹೊಸ ಯಂತ್ರವೂ ತಾನಾಗಿ ಉತ್ತರ ಕೊಡುತ್ತದೆ. ಹೆಸರು ಪೂರ್ತಿ ನಿರುಪಯೋಗಿಯೆಂದಲ್ಲ. ಕಂಪೈಲರಿನ ತಿಳಿದ ದೋಷವೊಂದನ್ನು ತಪ್ಪಿಸಬೇಕಾದಾಗ ಅದರ ಹೆಸರೂ ಆವೃತ್ತಿಯೂ ಬೇಕೇ ಬೇಕು. ಆದರೆ ಗುಣಕ್ಕೆ ಮೊದಲ ಸ್ಥಾನ, ಹೆಸರಿಗೆ ಎರಡನೆಯದು.

ಇಂದು ಕನ್ನಡಿಗರ ಜೇಬಿನಲ್ಲಿರುವ ಮೊಬೈಲುಗಳಲ್ಲಿ ಬಹುಪಾಲು ಆರ್ಮ್ ವಂಶದವು. ಅವುಗಳಲ್ಲಿ ನಾವು ಕನ್ನಡವನ್ನು ಟೈಪು ಮಾಡುವ ಕೀಲಿಮಣೆಯೂ, ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಪ್ರೋಗ್ರಾಮೂ ಆ ಮೊಬೈಲಿನಲ್ಲಿಯೇ ತಯಾರಾದುವಲ್ಲ. ಎಲ್ಲಿಯೋ ಬೇರೊಂದು ಯಂತ್ರದಲ್ಲಿ ಅನುವಾದಗೊಂಡು ಇಲ್ಲಿಗೆ ಬಂದವು. ನಾವು ಬರೆದ ‘ಕ’ ಓದುವವರ ತೆರೆಯ ಮೇಲೆ ‘ಕ’ವಾಗಿಯೇ ಮೂಡಬೇಕಾದರೆ, ಅಲ್ಲಿನ ನಿರ್ಮಾಣ ವ್ಯವಸ್ಥೆಯು ಈ ಯಂತ್ರದ ಗುರುತನ್ನು ಮೊದಲೇ ಸರಿಯಾಗಿ ಹಿಡಿದಿರಬೇಕು. ಕನ್ನಡಕ್ಕಾಗಿ ಪ್ರೋಗ್ರಾಂ ಬರೆಯಲು ಹೊರಟಿರುವ ನಮ್ಮ ತರುಣರು ತಮ್ಮ ಪರೀಕ್ಷೆಗಳಲ್ಲಿ ಒಂದೆರಡು ಕನ್ನಡ ವಾಕ್ಯಗಳನ್ನೂ, ಒಂದಾದರೂ ಬೇರೆ ವಂಶದ ಯಂತ್ರವನ್ನೂ ಸೇರಿಸಿಕೊಂಡರೆ, ಮುಂದೆ ಪಡಬೇಕಾದ ಶ್ರಮ ಎಷ್ಟೋ ಉಳಿಯುವುದು.