ಮಲಗಿದ ಮರಿಯ ಕಾಲು ಮಿದುಳಿಗೆ ಹೇಳುವುದೇನು?

ಮುಂಬಯಿಯ ಮಾಟುಂಗದ ಅಚ್ಚುಕಟ್ಟಾದ ಬೀದಿಗಳ ಹಿಂದೆ ಒಂದು ಭಯದ ಕಥೆಯಿದೆ. 1896ರಲ್ಲಿ ಇಲಿಯ ಚಿಗಟಗಳು ಹರಡಿದ ಪ್ಲೇಗು ನಗರವನ್ನು ನಡುಗಿಸಿತು. 1898ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್, ಗಾಳಿ ಬೆಳಕು ಆಡುವ ಬಡಾವಣೆಯಾಗಿ ದಾದರ್–ಮಾಟುಂಗವನ್ನು ರೂಪಿಸಿತು. ಅಲ್ಲಿ ನೆಲೆನಿಂತ ಕನ್ನಡಿಗರ ಮನೆಗಳಲ್ಲೂ, ಮಲಗಿದ ಕೂಸಿನ ಬೆರಳು ತಟ್ಟನೆ ಅದುರಿದರೆ ದೇವರು ಆಡಿಸುತ್ತಿದ್ದಾನೆ ಎನ್ನುವ ಹಿರಿಯರುಂಟು. ಆ ಅದುರಿನ ಗುಟ್ಟನ್ನು ವಿಜ್ಞಾನಕ್ಕೆ ಬಿಟ್ಟುಕೊಟ್ಟದ್ದು, ಒಮ್ಮೆ ಈ ಊರಿಗೆ ಭಯ ತಂದ ಅದೇ ಇಲಿಯ ಮರಿ.

1953ರಲ್ಲಿ ಷಿಕಾಗೋದ ಸಂಶೋಧಕರಾದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ನಿದ್ದೆಯ ನಡುವೆ ಕಣ್ಣುಗುಡ್ಡೆಗಳು ಸರಸರನೆ ಓಡಾಡುವ ಹಂತವನ್ನು ಗುರುತಿಸಿದರು. ನವಜಾತ ಶಿಶುವಿನ ನಿದ್ದೆಯಲ್ಲಿ ಅರ್ಧದಷ್ಟು ಈ ಬಗೆಯದೇ ಎಂದು 1966ರಲ್ಲಿ ರಾಫ್‌ವಾರ್ಗ್ ತಂಡ ತೋರಿಸಿ, ಮಿದುಳಿನ ಬೆಳವಣಿಗೆಗೆ ಇದು ಬೇಕೇನೋ ಎಂದು ಊಹಿಸಿತು. ಆದರೂ ಈ ನಿದ್ದೆಯಲ್ಲಿ ಕಾಣುವ ಕೈಕಾಲಿನ ಅದುರು ಕನಸಿನ ಚೂರು ಎಂಬ ನಂಬಿಕೆ ಬಹುಕಾಲ ಉಳಿಯಿತು.

ಇಲಿಮರಿ ತೀರಾ ಎಳಸಾಗಿ ಹುಟ್ಟುತ್ತದೆ; ಕಣ್ಣು ತೆರೆಯಲು ಸುಮಾರು ಎರಡು ವಾರ ಬೇಕು. ಮನುಷ್ಯರಲ್ಲಿ ಗರ್ಭದೊಳಗೆ ನಡೆದುಹೋಗುವ ಎಷ್ಟೋ ಬೆಳವಣಿಗೆಯನ್ನು ಅದರಲ್ಲಿ ಕಣ್ಣೆದುರೇ ನೋಡಬಹುದು. 2003ರಲ್ಲಿ ಸ್ವೀಡನ್ನಿನ ಲುಂಡ್‌ನ ಸಂಶೋಧಕರು, ಮಲಗಿದ ಮರಿಯ ಬಾಲ ತಾನಾಗಿ ಅದುರಿದಾಗ ಸಿಗುವ ಸ್ಪರ್ಶವನ್ನೇ ಬದಲಿಸಿ ನೋಡಿದರು. ನೋವಿನಿಂದ ಬಾಲವನ್ನು ದೂರ ಸೆಳೆಯುವ ಬೆನ್ನುಹುರಿಯ ಪ್ರತಿವರ್ತನೆಯೂ ಅದಕ್ಕೆ ತಕ್ಕಂತೆ ಬದಲಾಯಿತು. ನನ್ನ ಮಟ್ಟಿಗೆ ಈ ಕಥೆಯ ತಿರುವು ಇದೇ. ಅದುರು ವ್ಯರ್ಥವಲ್ಲ, ಬೆನ್ನುಹುರಿ ಅದರಿಂದ ಕಲಿಯುತ್ತಿದೆ.

ಮರುವರ್ಷ ಖಾಜಿಪೋವ್ ಎಂಬ ಸಂಶೋಧಕ ಮತ್ತು ಸಂಗಡಿಗರು ಮರಿಯ ಮಿದುಳಿಗೇ ಕಿವಿಗೊಟ್ಟರು. ಕಾಲು ಅದುರಿದ ಬೆನ್ನಿಗೇ, ಮಿದುಳಿನ ಹೊರಪದರದಲ್ಲಿ ಆ ಕಾಲಿಗೆ ಮೀಸಲಾದ ಜಾಗದಲ್ಲಿ ವಿದ್ಯುತ್ ಅಲೆಗಳ ಗೊಂಚಲು ಎದ್ದಿತು. ಬೆನ್ನುಹುರಿ ಕತ್ತರಿಸಿದಾಗ ಅಲೆಗಳು ಕಡಿಮೆಯಾದವು, ಆದರೆ ನಿಲ್ಲಲಿಲ್ಲ. ಎಂದರೆ ಮಿದುಳು ತಾನೂ ಕೆಲವನ್ನು ಹುಟ್ಟಿಸುತ್ತದೆ. ಮೈ ಅವನ್ನು ಹೆಚ್ಚಿಸುತ್ತದೆ.

ಎಚ್ಚರದಲ್ಲಿ ಮರಿ ಅಷ್ಟೆಲ್ಲ ಒದ್ದಾಡುತ್ತದಲ್ಲ, ಆಗ? ಅಯೋವಾ ವಿಶ್ವವಿದ್ಯಾಲಯದ ಮಾರ್ಕ್ ಬ್ಲಂಬರ್ಗ್ ತಂಡಕ್ಕೆ ಸಿಕ್ಕ ಉತ್ತರ ಬೆರಗಿನದು: ಆಗ ಮಿದುಳು ಹೆಚ್ಚುಕಡಿಮೆ ಮೌನವಾಗಿರುತ್ತದೆ. ಎಚ್ಚರದ ಚಲನೆಯಿಂದ ಮರಳುವ ಸಂಕೇತವನ್ನು ಮಿದುಳಿನ ಕಾಂಡದಲ್ಲೇ ತಡೆಯಲಾಗುತ್ತದೆ ಎಂದು 2016ರಲ್ಲಿ ಆ ತಂಡದ ಟಿರಿಯಾಕ್ ಮತ್ತು ಬ್ಲಂಬರ್ಗ್ ತೋರಿಸಿದರು. ನಿದ್ದೆಯ ಅದುರಿಗೆ ಆ ತಡೆ ಇಲ್ಲ. ಉಳಿದ ಸ್ನಾಯುಗಳೆಲ್ಲ ಸಡಿಲವಾಗಿ ಬಿದ್ದಿರುವಾಗ ಒಂದು ಅಂಗ ಮಾತ್ರ ಅದುರಿದರೆ, ಸುದ್ದಿ ಬಂದದ್ದು ಎಲ್ಲಿಂದ ಎಂಬ ಗೊಂದಲವೂ ಇಲ್ಲ.

2021ರಲ್ಲಿ ಇದೇ ತಂಡ ಮಾನವ ಶಿಶುಗಳತ್ತ ತಿರುಗಿತು. ಮೂರು ತಿಂಗಳ ಹೊತ್ತಿಗೆ, ಕಣ್ಣುಗುಡ್ಡೆಗಳು ಓಡಾಡದ ಶಾಂತ ನಿದ್ದೆಯಲ್ಲೂ ಅದುರು ಕಾಣಿಸಿಕೊಂಡಿತು, ಅದೂ ಆ ನಿದ್ದೆಗೇ ವಿಶಿಷ್ಟವಾದ ಮಿದುಳಿನ ಅಲೆಗಳ ಜೊತೆಜೊತೆಗೆ.