ಗಣಿಯ ಗಂಟೆಯೂ ಬಾವಿಯ ಪಂಪೂ

ಬಂಗಾರಪೇಟೆ ಜಂಕ್ಷನ್ನಿನಿಂದ ಕವಲೊಡೆಯುವ ರೈಲುದಾರಿಯು ಕೋಲಾರದ ಚಿನ್ನದ ಗಣಿಗಳ ಪ್ರದೇಶಕ್ಕೆ ಹೋಗುವುದು. 2001ನೆಯ ಇಸವಿಯಲ್ಲಿ ಆ ಗಣಿಗಳ ಕೆಲಸವು ನಿಂತುಹೋಯಿತು. ಆದರೂ ಅಲ್ಲಿ ನಡೆದ ಒಂದು ಪದ್ಧತಿಯು ಬಾವಿಗೆ ಪಂಪನ್ನು ಜೋಡಿಸಿರುವ ಪ್ರತಿಯೊಬ್ಬ ರೈತನಿಗೂ ಇಂದು ಪ್ರಯೋಜನಕರವಾದುದಾಗಿದೆ.

ಚಾಂಪಿಯನ್ ರೀಫ್ ಗಣಿಯು ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿತ್ತು. ಕೆಲಸಗಾರರನ್ನು ಇಳಿಸಿ ಏರಿಸುವ ತೊಟ್ಟಿಲು ಯಂತ್ರ ನಡೆಸುವವನ ಕಣ್ಣಿಗೆ ಕಾಣುತ್ತಿರಲಿಲ್ಲ. ಗಂಟೆಯ ಸಂಜ್ಞೆಯೇ ಅವನಿಗೆ ಕಣ್ಣು. ಸಂಜ್ಞೆ ಬಾರದೆ ತೊಟ್ಟಿಲನ್ನು ಕದಲಿಸಕೂಡದು. ಚಲಿಸುತ್ತಿರುವಾಗ ಒಂದು ಸಲ ಗಂಟೆಯಾದರೆ ತತ್‌ಕ್ಷಣವೇ ನಿಲ್ಲಿಸತಕ್ಕದ್ದು. ತಡವಾಗಿ ಮುಟ್ಟಿದ ಸಂಜ್ಞೆಯು ಮುಟ್ಟದ ಸಂಜ್ಞೆಗೆ ಸಮಾನ. ಏಕೆಂದರೆ ತೊಟ್ಟಿಲಿನಲ್ಲಿದ್ದುದು ಮನುಷ್ಯರ ಪ್ರಾಣ.

ಅಷ್ಟು ಆಳದಲ್ಲಿ ಭಾರಕ್ಕೆ ಸಿಕ್ಕಿದ ಬಂಡೆಯು ಒಮ್ಮೆಲೇ ಸಿಡಿಯುವುದೂ ಉಂಟು. ಇದನ್ನು ಅರಿಯಲು 1978ರಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಕಂಪನಗ್ರಾಹಕ ಯಂತ್ರಗಳ ಜಾಲವೊಂದನ್ನು ಸ್ಥಾಪಿಸಿದರು. ಒಂದೇ ಕಂಪನವು ಹತ್ತಿರದ ಯಂತ್ರವನ್ನು ಮೊದಲೂ ದೂರದ ಯಂತ್ರವನ್ನು ಅನಂತರವೂ ಮುಟ್ಟುವುದು. ಈ ಕಾಲವ್ಯತ್ಯಾಸದಿಂದಲೇ ಬಂಡೆ ಸಿಡಿದ ಸ್ಥಳವನ್ನು ಗುಣಿಸಿ ತಿಳಿಯುವರು. ಎಲ್ಲ ಯಂತ್ರಗಳಿಗೂ ಒಂದೇ ಗಡಿಯಾರದ ಅಳತೆ ಇಲ್ಲವಾದರೆ ಲೆಕ್ಕವೇ ತಪ್ಪುವುದು.

1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿಗಳ ತಂತಿಯ ಮೂಲಕ ಈ ಗಣಿಗಳಿಗೆ ಬಂದಿತು. ಅಂದು ಗಣಿಯ ಯಂತ್ರಗಳನ್ನು ತಿರುಗಿಸಿದ ವಿದ್ಯುಚ್ಛಕ್ತಿಯೇ ಇಂದು ಹಳ್ಳಿಗಳ ಪಂಪುಗಳನ್ನೂ ತಿರುಗಿಸುತ್ತಿದೆ. ಮನೆಯಲ್ಲಿದ್ದೇ ಮೊಬೈಲ್ ಫೋನಿನಿಂದ ಪಂಪನ್ನು ನಡೆಸುವ ಸ್ಟಾರ್ಟರುಗಳೂ ಬಂದಿವೆ. ಗಣಿಯ ಯಂತ್ರಚಾಲಕನಂತೆಯೇ ಈ ರೈತನೂ ತಾನು ಕಾಣದ ಯಂತ್ರವನ್ನು ನಡೆಸುವವನು. ಆದುದರಿಂದ ಈ ಮೂರು ಸಂಗತಿಗಳನ್ನು ಗಮನದಲ್ಲಿಡುವುದು ಲೇಸು.

ಒಂದನೆಯದಾಗಿ, ಅಪ್ಪಣೆಯು ಹೋಯಿತೆಂದ ಮಾತ್ರಕ್ಕೆ ನೀರು ಬಂದಿತೆಂದು ತಿಳಿಯಲಾಗದು. ಮೋಟಾರು ತಿರುಗಿತೆಂಬ ಮರುಸುದ್ದಿಯನ್ನು ಕಳುಹಿಸುವ ಸ್ಟಾರ್ಟರನ್ನೇ ಆರಿಸಬೇಕು. ಎರಡನೆಯದಾಗಿ, ಬಾವಿ ಬತ್ತಿದಾಗಲೂ ಮೂರು ಫೇಸುಗಳಲ್ಲಿ ಒಂದು ತಪ್ಪಿದಾಗಲೂ ಮೋಟಾರನ್ನು ನಿಲ್ಲಿಸುವ ರಕ್ಷಣಾಸಾಧನವು ಬಾವಿಯ ಬಳಿಯಲ್ಲೇ ಇರಬೇಕು. ಫೋನಿನ ಸಂಪರ್ಕ ಕಡಿದ ವೇಳೆಯಲ್ಲಿ ಮನೆಯಿಂದ ಅಪ್ಪಣೆ ಬರುವವರೆಗೆ ಕಾದರೆ ಮೋಟಾರು ಸುಟ್ಟುಹೋಗುವುದು. ಮೂರನೆಯದಾಗಿ, ಈ ಸಾಧನಗಳು ಕೆಲಸಮಾಡುವುವೋ ಇಲ್ಲವೋ ಎಂಬುದನ್ನು ಬೇಸಗೆಗೆ ಮುಂಚೆಯೇ ತಿಳಿದವರಿಂದ ಪರೀಕ್ಷಿಸಿಕೊಳ್ಳಬೇಕು.

ಸುದ್ದಿಯಿಲ್ಲದಿರುವುದನ್ನೇ ಕ್ಷೇಮವೆಂದು ಭಾವಿಸಕೂಡದು. ಗಂಟೆಯಾಗದಿದ್ದರೆ ತೊಟ್ಟಿಲು ಕದಲದು ಎಂಬ ಗಣಿಯ ಕಟ್ಟುಪಾಡು ಬಾವಿಯ ದಡದಲ್ಲಿಯೂ ನಡೆಯತಕ್ಕದ್ದಾಗಿದೆ.