ಪಿಂಗಾಣಿ ಟ್ರೇ ಮೇಲೆ ಉಬ್ಬು ಹೂ

ಮಕ್ಕಳೇ, ಹೂವಿನ ಚಿತ್ತಾರವಿರುವ ಪಿಂಗಾಣಿ ಟ್ರೇಯನ್ನು ನೀವು ನೋಡಿರಬಹುದು. ಕೆಲವು ಹೂಗಳು ಬರೀ ಬಣ್ಣದ ಚಿತ್ರಗಳು. ಇನ್ನು ಕೆಲವು ಮೇಲಕ್ಕೆ ಉಬ್ಬಿರುತ್ತವೆ. ಕಣ್ಣು ಮುಚ್ಚಿ ಸವರಿದರೂ ಎಸಳುಗಳನ್ನು ಎಣಿಸಬಹುದು! ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ಖುರ್ಜಾ ಪಟ್ಟಣ ಇಂತಹ ಉಬ್ಬು ಚಿತ್ತಾರಕ್ಕೆ ಹೆಸರುವಾಸಿ. ಈ ಹೂವನ್ನು ಟ್ರೇಗೆ ಅಂಟಿಸಿದ್ದು ಯಾವ ಗೋಂದು? ಯಾವುದೂ ಅಲ್ಲ!

ಮಣ್ಣಿಗೆ ಮಣ್ಣೇ ಅಂಟು

ಮೊದಲು ಜೇಡಿಮಣ್ಣಿನಿಂದ ಟ್ರೇ ಮಾಡಿ ಅರೆಬರೆ ಒಣಗಿಸುತ್ತಾರೆ. ಅದೇ ಮಣ್ಣನ್ನು ನೀರಿನಲ್ಲಿ ಕಲಸಿ ದೋಸೆಹಿಟ್ಟಿನಂತೆ ಗಟ್ಟಿಯಾಗಿ ಮಾಡಿಕೊಳ್ಳುತ್ತಾರೆ. ಮೆಹಂದಿ ಕೋನ್‌ನಂತಹ ಸಾಧನದಲ್ಲಿ ಅದನ್ನು ತುಂಬಿ, ಟ್ರೇ ಮೇಲೆ ಎಸಳು, ಬಳ್ಳಿ, ಎಲೆಗಳನ್ನು ಬಿಡಿಸುತ್ತಾರೆ.

ಟ್ರೇ ಪೂರ್ತಿ ಒಣಗಿದ ಮೇಲೆ ಹೂ ಬಿಡಿಸಿದರೆ ಏನಾಗುತ್ತದೆ? ನೀವೇ ಮಾಡಿ ನೋಡಿ.

ಜೇಡಿಮಣ್ಣಿನಿಂದ ಎರಡು ಬಿಲ್ಲೆ ಮಾಡಿ. ಒಂದು ಇನ್ನೂ ತೇವವಾಗಿರುವಾಗಲೇ ಅದರ ಮೇಲೆ ಗಟ್ಟಿ ಮಣ್ಣಿನ ಹಿಟ್ಟಿನಿಂದ ಹೂ ಬಿಡಿಸಿ. ಇನ್ನೊಂದನ್ನು ನಾಲ್ಕೈದು ದಿನ ಪೂರ್ತಿ ಒಣಗಿಸಿ, ಆಮೇಲೆ ಹೂ ಬಿಡಿಸಿ. ಎರಡನ್ನೂ ನೆರಳಿನಲ್ಲಿಡಿ. ಒಣಗಿದ ಬಿಲ್ಲೆಯ ಹೂ ಬಿರುಕು ಬಿಡುವ, ಕಳಚಿ ಬೀಳುವ ಸಾಧ್ಯತೆ ಹೆಚ್ಚು.

ಕಾರಣವಿಷ್ಟೆ. ಹಸಿ ಮಣ್ಣಿನ ಕಣಗಳ ನಡುವೆ ನೀರಿರುತ್ತದೆ. ನೀರು ಆವಿಯಾದಂತೆ ಕಣಗಳು ಹತ್ತಿರ ಬಂದು ಮಣ್ಣು ಕುಗ್ಗುತ್ತದೆ. ತೇವದ ಬಿಲ್ಲೆಯಲ್ಲಿ ಹೂ ಮತ್ತು ಬಿಲ್ಲೆ ಜೊತೆಯಾಗಿ ಕುಗ್ಗುತ್ತವೆ. ಒಣಗಿದ ಬಿಲ್ಲೆ ಆಗಲೇ ಕುಗ್ಗಿ ಮುಗಿದಿದೆ. ಅಲ್ಲಿ ಹೂ ಒಂದೇ ಕುಗ್ಗುತ್ತದೆ, ಆದ್ದರಿಂದ ಹಿಡಿತ ತಪ್ಪುತ್ತದೆ.

ಬೆಂಕಿಯ ಕೆಲಸ

ಒಣಗಿದ ಟ್ರೇಯನ್ನು ಗೂಡಿನಲ್ಲಿಟ್ಟು ಸುಡುತ್ತಾರೆ. ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಮಣ್ಣಿನೊಳಗೆ ರಾಸಾಯನಿಕವಾಗಿ ಬೆಸೆದುಕೊಂಡ ನೀರೂ ಹೊರಟುಹೋಗುತ್ತದೆ. ಇನ್ನು ಅದನ್ನು ನೆನೆಸಿದರೂ ಮತ್ತೆ ಕೆಸರಾಗದು.

ಹೊಳಪು ಎಂದರೆ ಗಾಜು

ಮುಟ್ಟಿದರೆ ನುಣ್ಣಗಿರುವ ಹೊಳಪಿನ ಲೇಪ ನಿಜವಾಗಿ ತೆಳುವಾದ ಗಾಜು. ಅದರ ಮುಖ್ಯ ವಸ್ತು ಸಿಲಿಕಾ. ಸಿಲಿಕಾ ಒಂದೇ ಆದರೆ ಕರಗಲು ಸುಮಾರು 1700 ಡಿಗ್ರಿ ಬೇಕು. ಸೋಡಿಯಂ, ಪೊಟ್ಯಾಸಿಯಂ ಮುಂತಾದವುಗಳ ಸಂಯುಕ್ತಗಳನ್ನು ಬೆರೆಸಿದರೆ ಅದು ಕಡಿಮೆ ಶಾಖಕ್ಕೇ ಕರಗುತ್ತದೆ. ಈ ಪುಡಿಯನ್ನು ನೀರಿನಲ್ಲಿ ಕಲಸಿ ಸುಟ್ಟ ಟ್ರೇಗೆ ಹಚ್ಚಿ ಮತ್ತೆ ಸುಡುತ್ತಾರೆ. ಲೇಪ ಕರಗುತ್ತದೆ, ಮಣ್ಣಿನ ಹೂ ಮಾತ್ರ ಹಾಗೇ ಉಳಿಯುತ್ತದೆ. ಕರಗಿದ ಲೇಪ ಉಬ್ಬಿನಿಂದ ಜಾರಿ ತಗ್ಗಿನಲ್ಲಿ ಸೇರುತ್ತದೆ. ಅದಕ್ಕೇ ಎಸಳಿನ ಅಂಚು ತಿಳಿಯಾಗಿ, ಸಂದು ಗಾಢವಾಗಿ ಕಾಣುವುದು!

ಬಣ್ಣ ಬರುವುದು ಲೋಹದ ಆಕ್ಸೈಡುಗಳಿಂದ. ಕೋಬಾಲ್ಟ್ ನೀಲಿ ಕೊಡುತ್ತದೆ, ತಾಮ್ರ ಹಸಿರು, ಕಬ್ಬಿಣ ಕಂದು.

ಎಚ್ಚರಿಕೆ

ಕೆಲವು ಲೇಪಗಳಲ್ಲಿ ಸೀಸ ಇರುತ್ತದೆ. ಹುಣಸೆ, ನಿಂಬೆ, ಉಪ್ಪಿನಕಾಯಿಯ ಹುಳಿ ತಗುಲಿದರೆ ಸೀಸ ಆಹಾರಕ್ಕೆ ಇಳಿಯಬಹುದು. ಅದು ಮಕ್ಕಳ ಮಿದುಳಿಗೆ ಹಾನಿಕರ. ಸೀಸ ಇದೆಯೋ ಇಲ್ಲವೋ ಎಂಬುದು ನೋಡಿದರೆ ತಿಳಿಯದು. ಆದ್ದರಿಂದ ಅಲಂಕಾರಕ್ಕೆಂದು ಮಾಡಿದ ಪಾತ್ರೆಯಲ್ಲಿ ಊಟ, ತಿಂಡಿ ಇಡಬೇಡಿ. ಮನೆಯವರಿಗೂ ತಿಳಿಸಿ.

ಯೋಚಿಸಿ: ಟ್ರೇಗೆ ಒಂದು ಬಗೆಯ ಮಣ್ಣು, ಹೂವಿಗೆ ಬೇರೆ ಬಗೆಯ ಮಣ್ಣು ಬಳಸಿದರೆ ಏನಾಗಬಹುದು? ಏಕೆ?